ವಾಕರ್ ಬೇಕಾ, ಚಾಪೆ ಸಾಕಾ? ವರ್ಷದೊಳಗಿನ ಮಗುವಿಗೆ ಆಟ ಆರಿಸುವುದು ಹೇಗೆ

ನಾಮಕರಣ ಮುಗಿದ ಮರುದಿನ ಮನೆಯ ಒಂದು ಮೂಲೆ ತುಂಬಿಹೋಗಿರುತ್ತದೆ. ಸೋದರಮಾವ ತಂದ ವಾಕರ್, ಆಫೀಸಿನವರು ಕೊಟ್ಟ ಲೈಟು ಹೊತ್ತಿಸಿ ಹಾಡುವ ಆನೆ, ತೊಟ್ಟಿಲ ಮೇಲೆ ತಿರುಗುವ ಗೊಂಬೆ, ಯಾರು ಕೊಟ್ಟರೆಂದು ನೆನಪಿಲ್ಲದ ಐದಾರು ಗಿಲಕಿ. ಇಷ್ಟರಲ್ಲಿ ಯಾವುದನ್ನು ಈಗ ಕೊಡಬೇಕು, ಯಾವುದನ್ನು ಅಟ್ಟಕ್ಕೆ ಹಾಕಿಡಬೇಕು, ಯಾವುದನ್ನು ಕೊಡಲೇಬಾರದು? ಜೊತೆಗೆ, ಅಂಗಡಿಯಲ್ಲಿ ಸಿಗದ ಆಟಗಳೂ ಇವೆಯಲ್ಲ, ಅವು ಇವಕ್ಕೆ ಸಮವೇ?

ಹೋಲಿಸಲು ಎರಡು ಪ್ರಶ್ನೆ ಇಟ್ಟುಕೊಂಡರೆ ಸಾಕು. ಈ ಆಟದಲ್ಲಿ ಕೆಲಸ ಮಾಡುವುದು ಮಗುವೋ, ಆಟದ ಸಾಮಾನೋ? ಇದನ್ನು ಆಡುವಾಗ ದೊಡ್ಡವರ ಬಾಯಿಂದ ಮಾತು ಜಾಸ್ತಿ ಬರುತ್ತದೋ, ಕಡಿಮೆಯಾಗುತ್ತದೋ? ಬೆಲೆ, ಬಣ್ಣ, ಡಬ್ಬದ ಮೇಲೆ ಬರೆದಿರುವ ‘ಬುದ್ಧಿ ಚುರುಕಾಗುತ್ತದೆ’ ಎಂಬ ಸಾಲು, ಇವೆಲ್ಲ ಆಮೇಲೆ.

ಮೊದಲ ಮೂರು ತಿಂಗಳು: ತೊಟ್ಟಿಲ ಗೊಂಬೆಯೋ, ನಿಮ್ಮ ಮುಖವೋ

ಆಗಷ್ಟೇ ಹುಟ್ಟಿದ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದಲ್ಲಿರುವುದು. ಹಾಲು ಕುಡಿಯುವಾಗ ಅಮ್ಮನ ಮುಖವೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ. ತೊಟ್ಟಿಲಿಂದ ಮೂರಡಿ ಮೇಲೆ ತೂಗುವ ತಿಳಿ ಗುಲಾಬಿ, ತಿಳಿ ನೀಲಿ ಗೊಂಬೆ ಅದಕ್ಕೆ ಮಬ್ಬು ಮಬ್ಬು. ಒಮ್ಮೆ ತೊಟ್ಟಿಲ ಪಕ್ಕ ನೆಲದ ಮೇಲೆ ಅಂಗಾತ ಮಲಗಿ ನೋಡಿ. ಎಷ್ಟೋ ಗೊಂಬೆಗಳಲ್ಲಿ ಕಾಣುವುದು ಮೊಲದ ಹೊಟ್ಟೆ ಮತ್ತು ಆನೆಯ ಅಂಗಾಲು ಮಾತ್ರ. ಕಣ್ಣು, ಮೂತಿ, ಬಣ್ಣ ಎಲ್ಲ ಪಕ್ಕದಲ್ಲಿ ನಿಂತು ನೋಡುವವರಿಗೆ. ದುಡ್ಡು ಕೊಡುವವರು ನಾವೇ ಅಲ್ವಾ!

ಹಾಗಂತ ತೂಗುಗೊಂಬೆ ಪೂರ್ತಿ ದಂಡವೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ರೋವಿ-ಕೋಲಿಯರ್ ಮಗುವಿನ ಕಾಲಿಗೆ ಒಂದು ರಿಬ್ಬನ್ ಕಟ್ಟಿ, ಇನ್ನೊಂದು ತುದಿಯನ್ನು ತೂಗುಗೊಂಬೆಗೆ ಕಟ್ಟಿ ಪ್ರಯೋಗ ಮಾಡಿದ್ದರು. ಕಾಲು ಒದ್ದರೆ ಗೊಂಬೆ ಕುಣಿಯುತ್ತದೆ ಎಂಬುದು ಎರಡು ಮೂರು ತಿಂಗಳ ಮಕ್ಕಳಿಗೂ ಬೇಗ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಒದೆತ ಜಾಸ್ತಿ. ಅಂದರೆ ಮಗುವಿಗೆ ರುಚಿಸಿದ್ದು ತಾನಾಗಿ ತಿರುಗುವ ಗೊಂಬೆಯಲ್ಲ, ತಾನು ಕುಣಿಸಿದ ಗೊಂಬೆ. ಮನೆಯಲ್ಲಿ ರಿಬ್ಬನ್ ಕಟ್ಟಲು ಹೋಗಬೇಡಿ, ದಾರ ಸುತ್ತಿಕೊಂಡರೆ ಅಪಾಯ. ಕಾಲಿಗೆ ತಗಲುವ ಹಾಗೆ ಗಿಲಕಿಯನ್ನು ನೀವೇ ಹಿಡಿದುಕೊಂಡು ಕೂತರೆ ಅದೇ ಆಟ ಆಯಿತು. ಮಗು ಕೈಯೂರಿ ಏಳಲು ಶುರುಮಾಡಿದಾಗ, ಅಥವಾ ಐದು ತಿಂಗಳಾದಾಗ, ತೊಟ್ಟಿಲ ಮೇಲಿನದನ್ನು ತೆಗೆದುಬಿಡಿ.

ಇವೆರಡರಲ್ಲಿ ನನ್ನ ಆಯ್ಕೆ ಮುಖವೇ. ಮಗು ‘ಊ’ ಅಂದರೆ ನೀವೂ ‘ಊ’ ಅನ್ನಿ. ಆಮೇಲೆ ಸುಮ್ಮನಿರಿ. ಕಷ್ಟ ಇರುವುದು ಈ ಸುಮ್ಮನಿರುವುದರಲ್ಲೇ. ನಾವು ‘ಏನಮ್ಮಾ, ಏನಪ್ಪಾ, ಹಸಿವಾ, ನಿದ್ದೆನಾ’ ಎಂದು ಒಂದೇ ಸಮ ಸುರಿಸುತ್ತೇವೆ. ಮಗುವಿಗೆ ಉತ್ತರ ಹೊಂದಿಸಿಕೊಳ್ಳಲು ಐದಾರು ಸೆಕೆಂಡಾದರೂ ಬೇಕು. ಕಾದರೆ ತುಟಿ ಮುಂದೆ ಬರುತ್ತದೆ, ಕಾಲು ಆಡುತ್ತದೆ, ಆಮೇಲೆ ಸದ್ದು ಬರುತ್ತದೆ.

ಬೋರಲು ಆಟ: ಎದೆಯ ಮೇಲೋ, ಕಾಲ ಮೇಲೋ, ನೆಲದ ಮೇಲೋ

ಇನ್ನೂ ತೆವಳಲು ಬಾರದ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಸಲಕ್ಕಲ್ಲ, ದಿನವಿಡೀ ಹಂಚಿಕೊಂಡು. ಶುರುವಿನಲ್ಲಿ ಸಲಕ್ಕೆ ಎರಡು ಮೂರು ನಿಮಿಷವೇ ದೊಡ್ಡದು. ಕುತ್ತಿಗೆ, ಭುಜ, ಬೆನ್ನು ಗಟ್ಟಿಯಾಗುವುದು ಇದರಿಂದ. ಮುಂದೆ ಮಗುಚಿಕೊಳ್ಳುವುದಕ್ಕೆ, ಅಂಬೆಗಾಲಿಗೆ ಇದೇ ತಳಪಾಯ. ಆದರೆ ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ. ಬೋರಲು ಮಲಗಿ ನಿದ್ದೆಹೋದರೆ ಅಂಗಾತ ತಿರುಗಿಸಿ.

ಈ ಬೋರಲು ಆಟವನ್ನೇ ಇಂಗ್ಲಿಷಿನಲ್ಲಿ ‘ಟಮ್ಮಿ ಟೈಮ್’ ಅಂದಾಗ ಹೊಸದೇನೋ ಅನಿಸುತ್ತದೆ. ಎಣ್ಣೆ ನೀರು ಹಾಕುವ ಅಜ್ಜಿಯನ್ನು ಗಮನಿಸಿದ್ದೀರಾ? ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿಕೊಂಡು, ಮಗುವನ್ನು ಮೊಣಕಾಲಿನ ಕೆಳಗೆ ಉದ್ದಕ್ಕೆ ಬೋರಲು ಹಾಕಿಕೊಳ್ಳುತ್ತಾರೆ. ಬೆನ್ನು ತಿಕ್ಕುವಾಗ ಅದು ತಲೆ ಎತ್ತಿ ಎತ್ತಿ ನೋಡುತ್ತದೆ. ಇದೂ ಅದೇ ಆಟ. ಜೊತೆಗೆ ಅಜ್ಜಿಯ ಮಾತು, ಹಾಡು, ಬೈಗುಳ ಎಲ್ಲ ಪುಕ್ಕಟೆ. ಆದರೆ ಮೂಗು, ಕಿವಿಗೆ ಎಣ್ಣೆ ಬಿಡುವುದು, ಕೈಕಾಲು ಜಗ್ಗಿ ನೀವುವುದು, ಮೂಗು ಒತ್ತಿ ನೆಟ್ಟಗೆ ಮಾಡುವುದು ಬೇಡ. ಇಷ್ಟನ್ನು ಹೇಳುವುದು ಕಷ್ಟ ಅಂತ ನನಗೂ ಗೊತ್ತು. ಡಾಕ್ಟರ್ ಹೇಳಿದರು ಅಂದುಬಿಡಿ.

ಮೊದಲ ಕೆಲವು ವಾರಕ್ಕೆ ಅಪ್ಪನ ಅಥವಾ ಅಮ್ಮನ ಎದೆಯೇ ಸರಿ. ನೀವು ದಿಂಬಿಗೆ ಒರಗಿ ಕೂತು ಮಗುವನ್ನು ಎದೆಗೆ ಕವುಚಿ ಹಾಕಿಕೊಂಡರೆ, ಧ್ವನಿ ಬಂದ ಕಡೆ ಮುಖ ಎತ್ತಲು ಅದಕ್ಕೊಂದು ಕಾರಣ ಸಿಗುತ್ತದೆ. ಸಿಸೇರಿಯನ್ ಆದ ಬಾಣಂತಿಗೆ ಕಷ್ಟ, ಆಗ ಈ ಕೆಲಸ ಅಪ್ಪನದ್ದು. ನಿಮಗೇ ತೂಕಡಿಕೆ ಬರುತ್ತಿದ್ದರೆ ಮಾತ್ರ ಬೇಡ. ಎರಡು ತಿಂಗಳ ಹೊತ್ತಿಗೆ ನೆಲಕ್ಕೆ ಬನ್ನಿ. ಎದೆಯಿಂದ ನೆಲಕ್ಕೆ ಇಳಿಸಿದಾಗ ಅಳುವುದು ಸಹಜ. ಟವೆಲನ್ನು ಸುರುಳಿ ಸುತ್ತಿ ಎದೆ ಕೆಳಗೆ, ಕಂಕುಳಿಗೆ ಸರಿಯಾಗಿ ಇಟ್ಟರೆ ಸ್ವಲ್ಪ ಸುಲಭವಾಗುತ್ತದೆ. ಎದುರಿಗೆ ಹೊಳೆಯುವ ಸ್ಟೀಲ್ ತಟ್ಟೆಯೊಂದನ್ನು ಗೋಡೆಗೆ ಒರಗಿಸಿಡಿ. ಅದರಲ್ಲಿ ಏನೋ ಅಲುಗಾಡುತ್ತದೆ, ಹೊಳೆಯುತ್ತದೆ, ಮಗು ತಲೆ ಎತ್ತುತ್ತದೆ. ನೀವೂ ಬೋರಲು ಮಲಗಿ ಎದುರಿಗೆ ಮುಖ ತಂದರೆ ತಟ್ಟೆ ಯಾರಿಗೆ ಬೇಕು?

ಹಾಲು ಕುಡಿದ ತಕ್ಷಣ ಮಾತ್ರ ಬೇಡ, ಕಕ್ಕಿಬಿಡುತ್ತದೆ. ನೆಲಕ್ಕೆ ಚಾಪೆ, ಅದರ ಮೇಲೆ ಕೌದಿ ಅಥವಾ ದಪ್ಪ ಬೆಡ್‌ಶೀಟು ಸಾಕು. ಮೆತ್ತನೆ ಹಾಸಿಗೆಯಲ್ಲಿ ಕೈ ಹೂತುಹೋಗುತ್ತದೆ, ಊರಿ ಏಳಲು ಆಗುವುದಿಲ್ಲ, ಮುಖ ಮುಚ್ಚಿಕೊಳ್ಳುವ ಭಯವೂ ಇದೆ. ಅಕ್ಷರ ಜೋಡಿಸುವ ಫೋಮ್ ಚಾಪೆ ತಂದಿದ್ದರೆ ಅಕ್ಷರಗಳನ್ನು ಕಿತ್ತು ಎತ್ತಿಡಿ. ಆರು ತಿಂಗಳಿಗೆ ಅದನ್ನು ಕಚ್ಚಿ ತುಂಡು ಮಾಡುವ ಮಕ್ಕಳಿದ್ದಾರೆ.

ಕೈಗೆ ಏನು ಕೊಡುವುದು: ಪ್ಲಾಸ್ಟಿಕ್, ಚನ್ನಪಟ್ಟಣ, ಅಡುಗೆಮನೆ

ಮೂರು ನಾಲ್ಕು ತಿಂಗಳಿಗೆ ಮಗು ಕೈ ಚಾಚಲು ಶುರುಮಾಡುತ್ತದೆ. ಆರರ ಹೊತ್ತಿಗೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಎಲ್ಲವೂ ಕೊನೆಗೆ ಬಾಯಿಗೆ. ಆದ್ದರಿಂದ ಇಲ್ಲಿ ಹೋಲಿಕೆ ಮೊದಲು ಸುರಕ್ಷತೆಯದ್ದು.

ಭಾರತದಲ್ಲಿ 2021ರ ಜನವರಿ 1ರಿಂದ ಆಟದ ಸಾಮಾನಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಪ್ಲಾಸ್ಟಿಕ್ ಗಿಲಕಿ ಕೊಳ್ಳುವಾಗ ಈ ಮುದ್ರೆ ನೋಡಿಯೇ ಕೊಳ್ಳಿ. ಜಾತ್ರೆಯ ಗಿಲಕಿ ನೋಡಲು ಚೆಂದ, ಆದರೆ ಅಂಟಿಸಿದ ಜೋಡಣೆ ಬಿಟ್ಟು ಒಳಗಿನ ಕಾಳು ಹೊರಗೆ ಬರುವುದು ಅದರಲ್ಲೇ.

ಚನ್ನಪಟ್ಟಣದ ಗಿಲಕಿಯ ಮಾತು ಬೇರೆ. ಕರಕುಶಲ ವಸ್ತು ತಯಾರಕರೆಂದು ನೋಂದಾಯಿಸಿಕೊಂಡವರ ಸಾಮಾನಿಗೆ, ಇಂಥ ಊರಿನದ್ದೇ ಎಂದು ಗುರುತಿಸುವ ಜಿಐ ನೋಂದಣಿ ಇರುವ ಸಾಮಾನಿಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಹಾಗಾಗಿ ಅದರ ಮೇಲೆ ಐಎಸ್‌ಐ ಮುದ್ರೆ ಕಾಣದಿದ್ದರೆ ಕಳಪೆ ಅಂದುಕೊಳ್ಳಬೇಡಿ. ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಬಣ್ಣ ಬೆರೆಸಿದ ಅರಗನ್ನು ಒತ್ತಿ ಹಿಡಿದರೆ ಬಿಸಿಗೆ ಅದು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಬ್ರಶ್ ಹಿಡಿದು ಬಳಿದ ಬಣ್ಣದ ಹಾಗೆ ಸಿಪ್ಪೆ ಏಳುವುದು ಕಡಿಮೆ. ಆದರೆ ಚನ್ನಪಟ್ಟಣದ್ದು ಎಂದು ಹೆದ್ದಾರಿ ಬದಿಯಲ್ಲಿ ಮಾರುವುದೆಲ್ಲ ಅರಗಿನದಲ್ಲ. ಬಣ್ಣ ಬಳಿದದ್ದಾದರೆ ಬಾಯಿಗೆ ಹಾಕುವ ವಯಸ್ಸಿಗೆ ಬೇಡ. ಅಸಲಿಯನ್ನೂ ನೀರಲ್ಲಿ ನೆನೆಹಾಕಬೇಡಿ, ಕುದಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇನ್ನೊಂದು ತೊಂದರೆ ತೂಕ. ಮರದ ಗಿಲಕಿಯನ್ನು ನಾಲ್ಕು ತಿಂಗಳ ಮಗು ತನ್ನ ಹಣೆಗೇ ಬಡಿದುಕೊಳ್ಳುತ್ತದೆ. ಆರು ತಿಂಗಳು ಕಾಯುವುದು ಒಳ್ಳೆಯದು.

ಅಡುಗೆಮನೆಯಿಂದ ತರುವುದು ಇವೆರಡಕ್ಕೂ ಸಮ ನಿಲ್ಲುತ್ತದೆ. ಸಣ್ಣ ಸ್ಟೀಲ್ ಲೋಟ ತಣ್ಣಗಿರುತ್ತದೆ, ಟಣ್ ಅನ್ನುತ್ತದೆ, ಉರುಳುತ್ತದೆ. ಮರದ ಸೌಟಿನ ಹಿಡಿ ಒರಟು. ತೊಳೆದ ಹತ್ತಿ ಕರ್ಚೀಫಿಗೆ ಗಂಟು ಹಾಕಿಕೊಟ್ಟರೆ ಚೀಪಲು ಚೆಂದ. ಮೂರನ್ನೂ ಮೂರು ಥರ ಹಿಡಿಯಬೇಕು, ಅದೇ ಪಾಠ.

ಗಾತ್ರದ ಲೆಕ್ಕ ಒಂದು ನೆನಪಿಟ್ಟುಕೊಳ್ಳಿ. ಮೂರು ವರ್ಷದೊಳಗಿನವರ ಆಟದ ಸಾಮಾನನ್ನು ಪರೀಕ್ಷಿಸುವ ಕೊಳವೆಯ ಅಗಲ ಸುಮಾರು 32 ಮಿ.ಮೀ. ಅದರೊಳಗೆ ಪೂರ್ತಿ ಹೋಗುವ ಯಾವುದೂ ಗಂಟಲಿಗೆ ಸಿಕ್ಕಿಕೊಳ್ಳಬಹುದು. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ನಾಣ್ಯದಷ್ಟಿರುವುದು ಮಾತ್ರವಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದೂ ಅಪಾಯವೇ. ದೃಷ್ಟಿಗೆಂದು ಕಟ್ಟಿದ ಕರಿಮಣಿ ಬಳೆಯ ದಾರ ಸವೆದಿದೆಯಾ ಅಂತಲೂ ಆಗಾಗ ನೋಡಿ. ಆಟದ ಸಾಮಾನಿಗಿಂತ ಮೊದಲು ಬಾಯಿಗೆ ಹೋಗುವುದು ಅದೇ.

ಮರೆಯ ಆಟ, ಕೈಬೆರಳ ಆಟ

ಸೀರೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ‘ಎಲ್ಲಿ ಅಮ್ಮಾ?’ ಅಂದು ಸರಕ್ಕನೆ ತೆಗೆಯುವುದನ್ನು ಎಲ್ಲರೂ ಮಾಡುತ್ತಾರೆ. ಆರು ತಿಂಗಳ ಹೊತ್ತಿಗೆ ಇದಕ್ಕೆ ಗಹಗಹಿಸಿ ನಗು. ಎಂಟು ಒಂಬತ್ತಕ್ಕೆ ಒಂದು ಮೆಟ್ಟಿಲು ಮೇಲೆ ಹೋಗಿ: ಮಗು ನೋಡುತ್ತಿರುವಾಗಲೇ ಲೋಟದ ಮೇಲೆ ಬಟ್ಟೆ ಮುಚ್ಚಿ. ಕಣ್ಣಿಗೆ ಕಾಣದ್ದು ಇಲ್ಲವಾಗಿಲ್ಲ ಎಂದು ತಿಳಿದ ಮಗು ಬಟ್ಟೆ ಎಳೆಯುತ್ತದೆ. ಚಪ್ಪಾಳೆ, ತಾರಮ್ಮಯ್ಯ, ಅಂಗೈಯಿಂದ ಕಂಕುಳವರೆಗೆ ಬೆರಳು ನಡೆಸಿ ಕಚಗುಳಿ ಇಡುವುದು, ಇವೂ ಇದೇ ಸಾಲಿನವು. ಬೆರಳು ಮೊಣಕೈ ದಾಟುವಾಗ ಒಂದು ಕ್ಷಣ ನಿಲ್ಲಿಸಿ ನೋಡಿ. ಕಚಗುಳಿ ಬರುವ ಮೊದಲೇ ಮಗು ಭುಜ ಮುದುಡಿಕೊಂಡು ನಗುತ್ತಿದ್ದರೆ, ಮುಂದೇನು ಅಂತ ಅದಕ್ಕೆ ಗೊತ್ತಾಗಿದೆ. ಕೊಂಡು ತಂದ ಯಾವ ಸಾಮಾನೂ ಇವಕ್ಕೆ ಸಾಟಿ ಇಲ್ಲ, ಹೋಲಿಕೆಯೇ ಬೇಡ.

ವಾಕರ್, ತಳ್ಳುಗಾಡಿ, ಬರೀ ನೆಲ

ಇಲ್ಲಿ ನಾನು ತಟಸ್ಥ ಅಲ್ಲ. ಮಗುವನ್ನು ಮಧ್ಯೆ ಕೂರಿಸಿ, ಸುತ್ತ ಚಕ್ರ ಇರುವ ವಾಕರ್ ಬೇಡವೇ ಬೇಡ. ಅದರಲ್ಲಿ ಮಗು ಕಾಲ್ಬೆರಳ ತುದಿಯಿಂದ ನೂಕುತ್ತದೆ. ಸೊಂಟ ಸೀಟಿನ ಮೇಲೆ, ಮೈ ತೂಕ ಹೊರುವ ಕೆಲಸ ಕಾಲಿಗಿಲ್ಲ, ಬೀಳದ ಹಾಗೆ ತಡೆದುಕೊಳ್ಳುವ ಕೆಲಸ ಬೆನ್ನಿಗಿಲ್ಲ. ತಟ್ಟೆ ಅಡ್ಡ ಇರುವುದರಿಂದ ತನ್ನ ಕಾಲೇ ತನಗೆ ಕಾಣದು. ವಾಕರಿನಿಂದ ನಡಿಗೆ ಬೇಗ ಬರುವುದಿಲ್ಲ, ತಡವಾಗಲೂಬಹುದು. ಸೆಕೆಂಡಿಗೆ ಮೂರಡಿಗಿಂತ ಜಾಸ್ತಿ ಓಡುವ ಮಗುವನ್ನು, ಹಾಲು ಉಕ್ಕುತ್ತಿರುವಾಗ, ಯಾರು ಹಿಡಿಯುತ್ತಾರೆ? ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರಿನಿಂದ ಗಾಯಗೊಂಡು ಆಸ್ಪತ್ರೆಗೆ ಬಂದ 15 ತಿಂಗಳೊಳಗಿನ ಮಕ್ಕಳು 2.3 ಲಕ್ಷಕ್ಕೂ ಹೆಚ್ಚು. ಬಹುಪಾಲು ತಲೆ, ಕುತ್ತಿಗೆಯ ಗಾಯ, ಮೆಟ್ಟಿಲಿಂದ ಬಿದ್ದದ್ದು. ಕೆನಡಾ 2004ರಲ್ಲಿ ಇದನ್ನು ನಿಷೇಧಿಸಿತು, ಹಳೆಯದನ್ನು ಮಾರುವಂತೆಯೂ ಇಲ್ಲ.

ಹಿಂದೆ ನಿಂತು ತಳ್ಳುವ ಮೂರು ಗಾಲಿಯ ಮರದ ಗಾಡಿ ಬೇರೆ ಜಾತಿ. ಅದರಲ್ಲಿ ಮಗು ತನ್ನ ಕಾಲ ಮೇಲೇ ನಿಂತಿರುತ್ತದೆ. ಆದರೆ ಹಿಡಿದುಕೊಂಡು ತಾನಾಗಿ ಎದ್ದು ನಿಲ್ಲಲು ಬಂದ ಮೇಲೆಯೇ ಅದು. ಮೊಸಾಯಿಕ್ ಅಥವಾ ಟೈಲ್ಸ್ ನೆಲದಲ್ಲಿ ಗಾಡಿ ಜಾರಿಕೊಂಡು ಮುಂದೆ ಹೋಗುತ್ತದೆ, ಮಗು ಹಿಂದೆ ಉಳಿಯುತ್ತದೆ. ಗಾಡಿಯಲ್ಲಿ ಒಂದೆರಡು ಕೆ.ಜಿ. ಅಕ್ಕಿ ಪೊಟ್ಟಣ ಇಟ್ಟರೆ ಹಿಡಿತಕ್ಕೆ ಬರುತ್ತದೆ.

ಇವೆರಡಕ್ಕಿಂತ ನೆಲ ಮೇಲು. ಕಾಲುಚೀಲ ಬಿಚ್ಚಿ ಬರಿಗಾಲಲ್ಲಿ ಬಿಡಿ. ದಿವಾನಿನ ಅಂಚು, ಕುರ್ಚಿ ಕಾಲು, ಅಜ್ಜನ ಮೊಣಕಾಲು ಹಿಡಿದು ಏಳಲಿ. ಪಕ್ಕದ ಮನೆ ಮಗು ಹತ್ತು ತಿಂಗಳಿಗೇ ನಡೆದರೆ ಹೊಟ್ಟೆ ಉರಿದುಕೊಳ್ಳಬೇಡಿ. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ವಿಶ್ವ ಆರೋಗ್ಯ ಸಂಸ್ಥೆ ಗಮನಿಸಿದಾಗ, ಯಾರನ್ನೂ ಹಿಡಿಯದೆ ನಡೆದ ವಯಸ್ಸು ಸುಮಾರು 8ರಿಂದ 17.6 ತಿಂಗಳವರೆಗೆ ಹರಡಿತ್ತು. ಶೇ 4ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ, ಆದರೂ ನಡೆದರು.

ಹಾಡುವ ಆನೆ, ಮರದ ಗೊಂಬೆ, ಪುಸ್ತಕ

ಆಫೀಸಿನವರು ಕೊಟ್ಟ ಆನೆಗೆ ಬರೋಣ. ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಎ, ಬಿ, ಸಿ ಹಾಡುತ್ತದೆ. ಮಗು ಒತ್ತುತ್ತದೆ, ಮನೆಯವರು ‘ಎಷ್ಟು ಜಾಣ’ ಅನ್ನುತ್ತಾರೆ, ಆಮೇಲೆ ಮಾತಾಡುವುದು ಆನೆ ಮಾತ್ರ. ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ 10ರಿಂದ 16 ತಿಂಗಳ 26 ಮಕ್ಕಳನ್ನು ಅವರ ಮನೆಗಳಲ್ಲೇ, ಅಪ್ಪ ಅಮ್ಮನ ಜೊತೆ ಆಡುವಾಗ ಗಮನಿಸಿದ್ದರು. ಮೂರು ಬಗೆಯ ಸಾಮಾನು: ಬ್ಯಾಟರಿಯವು, ಮರದ ತುಂಡುಗಳಂಥ ಸಾದಾ ಆಟಿಕೆ, ದಪ್ಪ ರಟ್ಟಿನ ಪುಸ್ತಕ. ಬ್ಯಾಟರಿ ಆಟಿಕೆ ಇದ್ದಾಗ ದೊಡ್ಡವರು ಆಡಿದ ಮಾತೂ ಕಡಿಮೆ, ಮಗುವಿನ ಸದ್ದಿಗೆ ಮರುಮಾತು ಕೊಟ್ಟದ್ದೂ ಕಡಿಮೆ. ಮಾತು ಜಾಸ್ತಿ ಬಂದದ್ದು ಪುಸ್ತಕದಲ್ಲಿ. ಅಧ್ಯಯನ ಸಣ್ಣದು, ಆದರೆ ನಮ್ಮ ಹಾಲ್‌ಗಳಲ್ಲಿ ದಿನಾ ನಡೆಯುವುದೂ ಇದೇ. ಆನೆ ಹಾಡುತ್ತಿದ್ದರೆ ನಾವು ಫೋನ್ ನೋಡುತ್ತೇವೆ.

ಕೊಟ್ಟವರಿಗೆ ಬೇಜಾರಾಗದ ಹಾಗೆ ಒಂದು ದಾರಿ ಇದೆ. ಬ್ಯಾಟರಿ ತೆಗೆದಿಡಿ, ಆನೆ ಆನೆಯಾಗಿಯೇ ಇರುತ್ತದೆ. ಸೊಂಡಿಲು ಯಾರೂ ಕಿತ್ತುಕೊಳ್ಳುವುದಿಲ್ಲ. ತೆಗೆಯುವಾಗ ನೋಡಿ, ಗುಂಡಿಯಂಥ ಚಿಕ್ಕ ಸೆಲ್ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೊರಡಿ.

ಪುಸ್ತಕ ಅಂದರೆ ಕೊಳ್ಳಲೇಬೇಕು ಅಂತಿಲ್ಲ. ಮನೆಯವರ ಫೋಟೋ ಎಂಟು ಹತ್ತು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಮೂಲೆ ದುಂಡಗೆ ಕತ್ತರಿಸಿ, ಬದಿಗೆ ಬಟ್ಟೆಪಟ್ಟಿ ಹೊಲಿದರೆ ಆಯಿತು. ‘ತಾತ ಎಲ್ಲಿ? ತಾತನ ಕನ್ನಡಕ ಎಲ್ಲಿ?’ ಎಂದು ಕೇಳುತ್ತಾ ಹೋಗಿ. ಮೊದಮೊದಲು ಪುಸ್ತಕ ಬರೀ ಕಚ್ಚುವುದಕ್ಕೆ. ಕಚ್ಚಲಿ.

ಫೋನು

ಎರಡು ವರ್ಷದೊಳಗೆ ಪರದೆ ಬೇಡ, ದೂರದಲ್ಲಿರುವ ನೆಂಟರ ವಿಡಿಯೊ ಕಾಲ್ ಪರವಾಗಿಲ್ಲ ಎಂದು ಭಾರತೀಯ ಮಕ್ಕಳ ತಜ್ಞರ ಸಂಘ, ಅಂದರೆ ಐಎಪಿ, ಹೇಳುತ್ತದೆ. ಈ ಭೇದ ಯಾಕೆ ಅನ್ನುವುದಕ್ಕೆ 2003ರ ಒಂದು ಪ್ರಯೋಗ ನೆನಪಾಗುತ್ತದೆ. ಮಕ್ಕಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಶಿಯಾ ಕೂಲ್ ಮತ್ತು ಜೊತೆಗಾರರು ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವರಿಗೆ ಎದುರಿಗೆ ಕೂತು ಆಡಿಸಿದರು, ಕೆಲವರಿಗೆ ಅದನ್ನೇ ಟಿವಿಯಲ್ಲಿ ತೋರಿಸಿದರು. ಎದುರಿಗೆ ಕೇಳಿದವರಿಗೆ ಆ ಭಾಷೆಯ ಧ್ವನಿಗಳ ವ್ಯತ್ಯಾಸ ತಿಳಿಯಿತು. ಟಿವಿ ನೋಡಿದವರಿಗೆ ಏನೂ ದಕ್ಕಲಿಲ್ಲ. ವಿಡಿಯೊ ಕಾಲ್‌ನಲ್ಲಾದರೆ ಅಜ್ಜಿ ಮಗುವಿನ ಸದ್ದಿಗೆ ಓಗೊಡುತ್ತಾರೆ. ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಮೊಮ್ಮಗುವಿಗೆ ದಾವಣಗೆರೆಯ ಅಜ್ಜಿ ಚಪ್ಪಾಳೆ ಕಲಿಸಬಹುದು, ಆ ಕಡೆ ಯಾರಾದರೂ ಮಗುವಿನ ಕೈ ಹಿಡಿದು ಜೊತೆಗೆ ತಟ್ಟಿದರೆ. ಕನ್ನಡದ ಶಿಶುಗೀತೆ ಎಂದು ಯೂಟ್ಯೂಬ್ ಹಾಕಿಡುವುದು ಅದೇ ಲೆಕ್ಕಕ್ಕೆ ಬರುವುದಿಲ್ಲ. ಊಟ ಮಾಡಿಸಲು ಫೋನ್ ಬೇಕೇಬೇಕು ಅನ್ನುವವರಿಗೆ, ಕಿಟಕಿ ಪಕ್ಕ ಕೂತು ಕಾಗೆ ತೋರಿಸುವ ಹಳೇ ಉಪಾಯ ಇನ್ನೂ ಕೆಲಸ ಮಾಡುತ್ತದೆ.

ಒಂಬತ್ತು ತಿಂಗಳಾದ ಮೇಲೆ

ಈಗ ಮಗುವಿಗೆ ಹಾಕುವುದು, ತೆಗೆಯುವುದು, ಬೀಳಿಸುವುದೇ ಕೆಲಸ. ಬಣ್ಣದ ಉಂಗುರ ಪೇರಿಸುವ ಸೆಟ್ಟು ಒಳ್ಳೆಯದೇ. ಪಾತ್ರೆಯೊಳಗೆ ಪಾತ್ರೆ ಕೂರುವ ಸ್ಟೀಲ್ ಡಬ್ಬಗಳೂ ಅದನ್ನೇ ಕಲಿಸುತ್ತವೆ, ಸದ್ದು ಮಾತ್ರ ಜಾಸ್ತಿ. ಅಡುಗೆಮನೆಯ ಕೆಳಗಿನ ಒಂದು ಡ್ರಾಯರ್ ಮಗುವಿಗೇ ಬಿಟ್ಟುಕೊಡಿ. ಮೇಲಿಂದ ಚಮಚ ಬೀಳಿಸಿ ನಿಮ್ಮ ಮುಖ ನೋಡಿದರೆ ಅದು ತಂಟೆಯಲ್ಲ, ಪರೀಕ್ಷೆ. ಎತ್ತಿಕೊಡಿ, ‘ಬಿತ್ತು’ ಅನ್ನಿ. ಬೆರಳ ತುದಿಯಲ್ಲಿ ಚಿಕ್ಕದನ್ನು ಹೆಕ್ಕುವ ಹಿಡಿತ ಬರುವುದೂ ಈಗಲೇ. ಅದಕ್ಕೆ ಮಣಿ ಬೇಡ, ಮೆತ್ತಗೆ ಬೆಂದ ಕುಂಬಳಕಾಯಿ ಚೂರು ತಟ್ಟೆಗೆ ಹಾಕಿ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಬೇಡ.

ಹೊತ್ತಿಲ್ಲದ ಮನೆಗೆ

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಆಟಕ್ಕೆ ಬೇರೆ ಹೊತ್ತು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಬಟ್ಟೆ ಬದಲಿಸುವಾಗ ಕಚಗುಳಿ, ಸ್ನಾನದಲ್ಲಿ ಚೊಂಬಿನ ನೀರು ಸುರಿಯುವುದು, ಬಟ್ಟೆ ಮಡಚುವಾಗ ಮರೆಯ ಆಟ. ಒಂದೇ ಒಂದು ಆರಿಸಬೇಕು ಅಂದರೆ ಆರು ತಿಂಗಳವರೆಗೆ ಬೋರಲು ಆಟ, ಆಮೇಲೆ ಫೋಟೋ ಪುಸ್ತಕ. ನೋಡಿಕೊಳ್ಳುವ ಆಯಾಗೆ ಆಟದ ಸಾಮಾನಿನ ಬುಟ್ಟಿ ತೋರಿಸುವುದಕ್ಕಿಂತ, ಮಗುವಿನ ಜೊತೆ ಮಾತಾಡುತ್ತಿರಿ, ನಿಮ್ಮ ಮನೆಮಾತು ಯಾವುದಾದರೂ ಸರಿ ಅನ್ನಿ. ತಮಿಳೋ ತುಳುವೋ ಹಿಂದಿಯೋ, ಅದರಿಂದ ಕನ್ನಡ ಕೆಡುವುದಿಲ್ಲ. ಮಗು ಮುಖ ತಿರುಗಿಸಿದರೆ, ಆಕಳಿಸಿದರೆ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿದರೆ ಆಟ ಸಾಕು ಅಂತ ಅರ್ಥ.

ಆಟ ಬಿಟ್ಟು ಡಾಕ್ಟರ್ ಹತ್ತಿರ ಹೋಗಬೇಕಾದದ್ದು

ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ದೊಡ್ಡ ಸದ್ದಿಗೆ ಬೆಚ್ಚದಿದ್ದರೆ ತೋರಿಸಿ. ಐದು ತಿಂಗಳಿಗೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತು ದಾಟಿದರೂ ಆಸರೆ ಇಲ್ಲದೆ ಕೂರದಿದ್ದರೆ, ವರ್ಷವಾದರೂ ಹೆಸರಿಗೆ ತಿರುಗದೆ, ಟಾಟಾ ಮಾಡದೆ, ಕೈ ತೋರಿಸದೆ ಇದ್ದರೆ ‘ಅವರಪ್ಪನೂ ಹಾಗೇ ಇದ್ದ’ ಎಂದು ಕಾಯಬೇಡಿ. ವರ್ಷದೊಳಗೆ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದುಕೊಂಡಿದ್ದರೂ ತೋರಿಸಬೇಕು. ಬಂದಿದ್ದ ಆಟ, ಬಂದಿದ್ದ ಸದ್ದು ನಿಂತುಹೋದರಂತೂ ಯಾವ ವಯಸ್ಸಾದರೂ ಸರಿ, ಅದೇ ವಾರ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಹೆರಿಗೆಗೆ ಕೊಟ್ಟಿದ್ದ ತಾರೀಕಿನಿಂದ ತಿಂಗಳು ಎಣಿಸಿ.

ತಾಯಿ ಕಾರ್ಡನ್ನು ಚುಚ್ಚುಮದ್ದಿನ ದಿನ ಮಾತ್ರ ತೆಗೆಯುತ್ತೇವೆ. ಯಾವ ವಯಸ್ಸಿಗೆ ಮಗು ಏನು ಮಾಡಬೇಕು, ಹೇಗೆ ಆಡಿಸಬೇಕು ಎಂಬ ಚಿತ್ರಗಳೂ ಅದರಲ್ಲಿವೆ. ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೇ ತಿಂಗಳಿಗೆ ಮನೆಗೆ ಬರುವ ಕಾರ್ಯಕ್ರಮವೂ ಇದೆ. ಬಂದಾಗ ತೂಕದ ಜೊತೆ ಆಟದ ಬಗ್ಗೆಯೂ ಕೇಳಿ, ಕಾರ್ಡಿನ ಆ ಪುಟ ತೆರೆದು ಮುಂದಿಟ್ಟುಕೊಂಡೇ.